ಕ್ಯಾಪ್ಟನ್ನರ ಮೊಟ್ಟೆ

ಆ ಬೆಳಿಗ್ಗೆ ಯುದ್ಧನೌಕೆಗೆ ಒದಗಿದ ವಿಪತ್ತು ಸಾಮಾನ್ಯದ್ದಲ್ಲ: ಕ್ಯಾಪ್ಟನ್ನರ ಮೊಟ್ಟೆಯ ಹಳದಿ ಗಟ್ಟಿಯಾಗಿತ್ತು. ಫಿರಂಗಿಗಳೆಲ್ಲ ಸುಸ್ಥಿತಿಯಲ್ಲಿದ್ದವು, ಕಣ್ಣು ಹಾಯುವಷ್ಟು ದೂರ ಶತ್ರುವಿನ ಸುಳಿವಿರಲಿಲ್ಲ. ಆದರೂ ಅಡಿಗೆಯವನಿಗೆ ಮೇಲಿನಿಂದ ತುರ್ತು ಕರೆ ಬಂತು.

ತಟ್ಟೆಗಳು ಜಾರದಿರಲೆಂದು ಮೇಜಿನ ಬಟ್ಟೆಯನ್ನು ಒದ್ದೆ ಮಾಡಿ ಹಾಸಿದ್ದರು. ಕ್ಯಾಪ್ಟನ್ನರು ಚಮಚದ ಬೆನ್ನಿನಿಂದ ಮೊಟ್ಟೆಯನ್ನು ಕುಟ್ಟಿದರು.

"ಏನೋ ಇದು, ಮೊಟ್ಟೆನೋ ಫಿರಂಗಿ ಗುಂಡೋ?"

ಸುತ್ತ ಕೂತ ಅಧಿಕಾರಿಗಳು ನಕ್ಕರು. ಕ್ಯಾಪ್ಟನ್ನರ ಹಾಸ್ಯಕ್ಕೆ ನಗುವುದೂ ಡ್ಯೂಟಿಯೇ.

"ಹಡಗು ವಾಲ್ತು ಸಾರ್. ಪಾತ್ರೆ ಹಿಡ್ಕೊಂಡಿದ್ದ ನಮ್ ಭಾವನ ಎದೆ ಮೇಲೆ ಕುದಿಯೋ ನೀರು ಬಿತ್ತು. ಅವನ ಅಂಗಿ ಬಿಚ್ಚೋ ಅಷ್ಟರಲ್ಲಿ ಇದು ಉಳಿದ ನೀರಲ್ಲಿ ಬೆಂದ್ಹೋಯ್ತು."

"ಭಾವನ್ನ ಬೇಯ್ಸಿದ್ದು ಸಾಕು ಕಣಲೇ, ಮೊಟ್ಟೆ ಬೇಯ್ಸೋದು ಕಲಿ. ಹೋಗು, ಇನ್ನೊಂದು ತಗೊಂಡ್ ಬಾ."

ಕಡಲು ಕೆರಳಿದರೆ ಒಲೆ ಆರಿಸಬೇಕು, ಎಲ್ಲರೂ ಒಣ ಬ್ರೆಡ್ ತಿನ್ನಬೇಕು ಎಂಬುದು ಹಡಗಿನ ನಿಯಮ. ಎಲ್ಲರೂ ಎಂದರೆ ಕ್ಯಾಪ್ಟನ್ನರನ್ನು ಬಿಟ್ಟು ಎಲ್ಲರೂ. ಪಾತ್ರೆ ಜಾರದಂತೆ ತಡೆಯುವ ಒಲೆಯ ಕಂಬಿ ಮುರಿದು ವರ್ಷವಾಗಿತ್ತು. ಕಂಬಿಯ ಕೆಲಸಕ್ಕೆ ಮನುಷ್ಯರಿದ್ದರಲ್ಲ, ರಿಪೇರಿಗೆ ಯಾರೂ ಅವಸರಪಟ್ಟಿರಲಿಲ್ಲ.

ಅಡಿಗೆಯವನು ಇಳಿಯುವ ದಾರಿಯಲ್ಲಿ ರೋಗಿಗಳ ಕೋಣೆಗೆ ಇಣುಕಿದ. ಅವನ ಅಕ್ಕನ ಗಂಡ ಎದೆಗೆ ಮುಲಾಮು ಬಳಿಸಿಕೊಂಡು ಅಂಗಾತ ಮಲಗಿದ್ದ. ಕತ್ತಿನಿಂದ ಹೊಕ್ಕುಳವರೆಗೆ ಚರ್ಮ ಉಬ್ಬಿತ್ತು.

"ಏನಂದ್ರು ಬಾಮೈದ?"

"ಮೊಟ್ಟೆ ಗಟ್ಟಿ ಆಯ್ತಂತೆ."

"ನಾನು ಹದವಾಗಿ ಬೆಂದಿದೀನಲ್ಲ, ನನ್ನೇ ಬಡಿಸ್ಬೇಕಿತ್ತು." ನಗಲು ಹೋದವನು ಹಲ್ಲು ಕಚ್ಚಿದ. "ಯಪ್ಪಾ... ನಗಿಸ್ಬೇಡ ಕಣೋ. ನಿಮ್ಮಕ್ಕಂಗೆ ಏನೂ ಹೇಳ್ಬೇಡ."

"ಇನ್ನೊಂದು ಬೇಕಂತೆ ಭಾವ."

ಭಾವ ಗೋಡೆಯ ಕಡೆ ಮುಖ ತಿರುಗಿಸಿದ.

ಅಡಿಗೆಕೋಣೆಯಲ್ಲಿ ಬಕೆಟ್ಟುಗಳು ಆ ಗೋಡೆಯಿಂದ ಈ ಗೋಡೆಗೆ ಉರುಳಾಡುತ್ತಿದ್ದವು. ಅಡಿಗೆಯವನು ನೀರು ತುಂಬಿದ, ಮೊಟ್ಟೆ ಇಳಿಬಿಟ್ಟ, ಬೆಂಕಿಪೆಟ್ಟಿಗೆಗೆ ಕೈ ಹಾಕಿದ. ತಿರುಗಿ ನೋಡಿದರೆ ತರಕಾರಿ ಹೆಚ್ಚುವ ಮುದುಕ, ಯಾರೂ ಹೇಳದೆಯೇ, ಎರಡೂ ಕೈಗೆ ಚಿಂದಿ ಸುತ್ತಿಕೊಳ್ಳುತ್ತಿದ್ದ. ಗಂಟು ಬಿಗಿಯಲು ಹಲ್ಲಿನ ಸಹಾಯ ತೆಗೆದುಕೊಂಡಿದ್ದ. ಅಡಿಗೆಯವನು ಬೆಂಕಿಪೆಟ್ಟಿಗೆಯನ್ನು ಜೇಬಿಗಿಳಿಸಿದ.

ಬಾಗಿಲಲ್ಲಿ ಲೆಫ್ಟಿನೆಂಟ್ ಕಾಣಿಸಿಕೊಂಡ.

"ಇನ್ನೂ ಹಚ್ಚಿಲ್ವೇನೋ ಬೋಳಿಮಗ್ನೆ? ಮೇಲೆ ಕಾಯ್ತಾ ಕೂತಿದಾರೆ."

"ಹಚ್ತೀನಿ ಸಾರ್. ಪಾತ್ರೆ ನೀವು ಹಿಡ್ಕೊಳಿ."

"ಏನಂದೆ?"

"ಹಿಡ್ಕೊಳೋಕೆ ಒಬ್ರು ಬೇಕಲ್ಲ ಸಾರ್. ಭಾವ ಆಯ್ತು. ಈ ಮುದುಕನ ಮೈಯಲ್ಲಿ ಬೇಯೋಕೆ ಮಾಂಸನೇ ಇಲ್ಲ. ನೀವು ಕೈ ಕೊಟ್ರೆ ಈಗ್ಲೇ ಹಚ್ತೀನಿ."

"ಜೈಲು ಕಾಣ್ತೀಯ ನೋಡು, ಸೂಳೆಮಗ್ನೆ!"

"ಕಾಣೋಣ ಸಾರ್. ಹಿಡ್ಕೊಳಿ."

ಅಡಿಗೆಯವನು ಪಾತ್ರೆ ಚಾಚಿದ. ಒಳಗಿದ್ದದ್ದು ತಣ್ಣೀರು. ಹಡಗು ವಾಲಿತು. ಲೆಫ್ಟಿನೆಂಟ್ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಅಡಿಗೆಯವನು ಪಾತ್ರೆಯನ್ನು ಕೆಳಗಿಟ್ಟು, ಇನ್ನೂ ಬೆಚ್ಚಗಿದ್ದ ಒಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕಾವಲಿನವರಿಬ್ಬರು ಬಂದು ಎಳೆದರು. ಅವನು ಒಲೆಯ ಅಂಚು ಬಿಡಲಿಲ್ಲ. ಬೆರಳ ಮೇಲೆ ಬೂಟು ಬಿದ್ದ ಮೇಲೆ ಬಿಟ್ಟ.

"ನೀನು ಹಚ್ಚೋ ಮುದಿಯಾ," ಎಂದ ಲೆಫ್ಟಿನೆಂಟ್.

ಈ ಅಡಿಗೆಕೋಣೆಯಲ್ಲೇ ತಲೆ ನರೆಸಿಕೊಂಡಿದ್ದ ಮುದುಕ ಕೈಯ ಚಿಂದಿ ಬಿಚ್ಚುತ್ತ, "ನಂಗೆ ಒಲೆ ಹಚ್ಚೋಕೆ ಬರಲ್ಲ ಸಾರ್," ಎಂದ.

ಅಡಿಗೆಯವನನ್ನು ಲಂಗರಿನ ಸರಪಳಿ ತುಂಬುವ ಕತ್ತಲೆ ಕೋಣೆಗೆ ತಳ್ಳಿ ಬೀಗ ಹಾಕಿದರು. ಅಂದು ಕ್ಯಾಪ್ಟನ್ನರು ಒಣ ಬ್ರೆಡ್ ತಿಂದರು.