ಕುರ್ಚಿ ಮುರಿಯುವ ಜಾಗ

ಏಣಿ ಹೊತ್ತ ದಪ್ಪನೆಯ ಸುಣ್ಣದವನು ಗಿರ್ರನೆ ತಿರುಗಿದ. ಹಿಂದಿದ್ದ ಪೊಲೀಸಿನವನು ಸುಣ್ಣದ ಡ್ರಮ್ಮಿಗೆ ತಲೆಕೆಳಗಾಗಿ ಬಿದ್ದ. ಹಲಸೂರಿನ ಆ ಮನೆಯ ಗೋಡೆಯ ಮೇಲೆ ಇಷ್ಟೆಲ್ಲ ರಂಪಾಟ ನಡೆಯುತ್ತಿದ್ದರೂ ಪಿಳ್ಳಪ್ಪನವರ ಕಣ್ಣು ಮಾತ್ರ ಮಂಚದ ಮೇಲೆ ಕೂತ ಹೆಂಡತಿಯ ಮುಖ ಬಿಟ್ಟು ಅಲ್ಲಾಡಲಿಲ್ಲ.

ಶಾಂತಕುಮಾರಿಗೆ ಮರೆವಿನ ಕಾಯಿಲೆ ಹಿಡಿದು ಮೂರು ವರ್ಷ. ಗಂಡ ಯಾರು, ಮೊಮ್ಮಗಳು ಯಾರು, ಎಲ್ಲ ಮರೆತಿತ್ತು. ಉಳಿದದ್ದು ಒಂದೇ ಒಂದು ನಗು. ಈ ಹತ್ತು ನಿಮಿಷದ ಮೂಕಿ ಚಿತ್ರದ ಕೊನೆಗೆ, ಊರಿಗೆಲ್ಲ ಸುಣ್ಣ ಬಳಿದು ಸುಸ್ತಾದ ದಪ್ಪನವನು ಕುರ್ಚಿಯಲ್ಲಿ ಕೂರುತ್ತಾನೆ. ಕುರ್ಚಿ ಮುರಿದು ದೊಪ್ಪನೆ ಬೀಳುತ್ತಾನೆ. ಆಗ ಆಕೆ ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆಯೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಷ್ಟಕ್ಕಾಗಿ ಪಿಳ್ಳಪ್ಪನವರು ದಿನಾ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ತಾವು ಆಪರೇಟರ್ ಆಗಿದ್ದ ಶಿವಾಜಿನಗರದ ಟಾಕೀಸು ಮುಚ್ಚಿದಾಗ ಮಾಲೀಕರು ಕೊಟ್ಟ ಸಣ್ಣ ಪ್ರೊಜೆಕ್ಟರಿನಲ್ಲಿ ಆ ರೀಲು ಓಡಿಸುತ್ತಿದ್ದರು.

ಹಳೇ ರೀಲು ಹರಿಯುವುದು ತುದಿಯಲ್ಲೇ. ಹರಿದಾಗಲೆಲ್ಲ ಕೆಟ್ಟ ಫ್ರೇಮು ಕತ್ತರಿಸಿ ಅಂಟು ಹಾಕಿ ಜೋಡಿಸುವುದು ಆಪರೇಟರ್ ಕಸುಬು. ಮೂವತ್ತೆಂಟು ವರ್ಷ ಪಳಗಿದ ಕೈ, ಕೇಳದೆಯೇ ಕತ್ತರಿ ತೆಗೆದುಕೊಳ್ಳುತ್ತಿತ್ತು. ನಾಲ್ಕು ಫ್ರೇಮು ಹೋದರೆ ಯಾರಿಗೆ ಗೊತ್ತಾಗುತ್ತೆ ಎಂದುಕೊಂಡೇ ಅವರು ಮೂರು ವರ್ಷ ಕತ್ತರಿಸಿದ್ದರು. ಇವತ್ತು ಬೆಳಗ್ಗೆಯೂ ಒಂದು ಗೇಣು ಕತ್ತರಿಸಿದ್ದರು.

ದಪ್ಪನವನು ಕುರ್ಚಿ ಎಳೆದುಕೊಂಡ. ಬೆವರು ಒರೆಸಿದ. ಕೂರಲು ಬಗ್ಗಿದ. ಗೋಡೆ ಬೆಳ್ಳಗಾಯಿತು. ರೀಲಿನ ಬಾಲ ಪಟಪಟ ಬಡಿಯತೊಡಗಿತು.

ಶಾಂತಕುಮಾರಿಯ ಕೈ ಸೆರಗಿನ ಸಮೇತ ಬಾಯಿಯ ಹತ್ತಿರ ಹಾಗೇ ನಿಂತಿತು. "ಬೀಳ್ಲೇ ಇಲ್ವಲ್ಲ," ಎಂದಳು.

"ಇನ್ನೊಂದ್ಸಲ ಹಾಕಿ ತಾತ," ಎಂದಳು ಮೊಮ್ಮಗಳು ತೇಜಶ್ರೀ.

"ಎಷ್ಟ್ ಸಲ ಹಾಕಿದ್ರೂ ಅಷ್ಟೇ ಕಣಮ್ಮ. ನಾನೇ ಕತ್ತರಿಸ್ಬಿಟ್ಟಿದೀನಿ."

"ಫೋನಲ್ಲಿ ಹುಡುಕ್ಲಾ? ಹೆಸರೇನು?"

"ಹೆಸರಿರೋ ತುಂಡು ನಮ್ ಕೈಗೆ ಬರೋ ಮುಂಚೇನೇ ಹೋಗಿತ್ತು."

"ಬೀಳ್ಲಿಲ್ಲ," ಎಂದಳು ಶಾಂತಕುಮಾರಿ ಮತ್ತೆ. ಪಿಳ್ಳಪ್ಪನವರಿಗೆ ತಮ್ಮ ಕೈಯ ಮೇಲೇ ಹೇಸಿಗೆಯಾಯಿತು.

ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಬೆಳಕಿಗೆ ಎಳೆದರು. "ತಾತ, ಮಂಡಿ ಹುಷಾರು," ಎಂದು ತೇಜಶ್ರೀ ಏಳುವಷ್ಟರಲ್ಲಿ ದಪ್ಪನವನ ಹಾಗೆಯೇ ಬೆವರು ಒರೆಸಿ, ಬಗ್ಗಿ, ಬೇಕೆಂದೇ ಕುರ್ಚಿ ತಪ್ಪಿಸಿ ಕೂತರು. ಸೊಂಟ ನೆಲಕ್ಕೆ ಬಡಿದ ಸದ್ದು ರೀಲಿನ ಸದ್ದನ್ನೂ ಮೀರಿಸಿತು. ನೋವಿನಲ್ಲೇ ತಲೆಯೆತ್ತಿ ಮಂಚದ ಕಡೆ ನೋಡಿದರು.

ಆಕೆ ನಗಲಿಲ್ಲ. ಗಾಬರಿಯಿಂದ ತೇಜಶ್ರೀಯ ತೋಳು ಹಿಡಿದುಕೊಂಡಿದ್ದಳು.

"ಪಾಪ, ಯಾರೋ ವಯಸ್ಸಾದೋರು ಬಿದ್ಬಿಟ್ರು," ಎಂದಳು. "ಎತ್ತಮ್ಮ ಅವ್ರನ್ನ. ಅವ್ರ ಮನೇಲಿ ಯಾರಾದ್ರೂ ಇದ್ರೆ ಹೇಳ್ಕಳ್ಸು."

ತೇಜಶ್ರೀ ಚಾಚಿದ ಕೈಯನ್ನು ಪಿಳ್ಳಪ್ಪನವರು ಹಿಡಿಯಲಿಲ್ಲ. ರೀಲಿನ ಬಾಲ ಬಡಿಯುತ್ತಲೇ ಇತ್ತು. ಬೆಳ್ಳನೆಯ ಗೋಡೆಯ ಮೇಲೆ ಖಾಲಿ ಕುರ್ಚಿಯ ನೆರಳು ನೆಟ್ಟಗೆ ನಿಂತಿತ್ತು.