ಬಾಯ್ತುಂಬ ಪಿನ್ನು

ದರ್ಜಿ ಅಜ್ಜಿಗೊಂದು ಚಟ. ಬಟ್ಟೆಯ ಅಂಚು ಮಡಿಸುವಾಗ ಪಿನ್ನುಗಳನ್ನೆಲ್ಲ ತುಟಿಯಲ್ಲಿ ಕಚ್ಚಿಕೊಳ್ಳುವುದು. ಆಗ ಮಾತಾಡುವಂತಿಲ್ಲವಲ್ಲ, ಬೇಕಾದ ವಸ್ತುವಿನ ಮೊದಲ ಸದ್ದನ್ನಷ್ಟೇ ಹೊರಡಿಸುತ್ತಿದ್ದಳು. "ಸ್ಸ್" ಎಂದರೆ ಮೇಜಿನಡಿಯಿಂದ ಪುಟ್ಟ ಮೊಮ್ಮಗಳು ಸೂಜಿ ಚಾಚುತ್ತಿದ್ದಳು. ಒಮ್ಮೆ ಮಣಿ ಬೇಕಾಗಿ "ಮ್ಮ್" ಎಂದರೆ, ಹುಡುಗಿ ಎದ್ದು ಬಂದು ಕೆನ್ನೆಗೊಂದು ಮುತ್ತು ಕೊಟ್ಟಳು. ಅದನ್ನು ತಪ್ಪೆನ್ನಲು ಅಜ್ಜಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಈ ಹುಡುಗಿ ಶಾಲೆಯಲ್ಲಿ ಮಾತ್ರ ಗಪ್‌ಚಿಪ್. ಪದ ಯಾವ ಸದ್ದಿನಿಂದ ಶುರುವಾಗುತ್ತದೆ ಎಂದು ಟೀಚರ್ ಕೇಳಿದರೆ, ಬಾಯಿಗೆ ಹೊಲಿಗೆ ಬಿದ್ದವಳಂತೆ ನಿಂತುಬಿಡುತ್ತಿದ್ದಳು. ಅವತ್ತು ಮಕ್ಕಳೆಲ್ಲ ಗೊಳ್ಳೆಂದು ನಕ್ಕಿದ್ದರು. ಅಷ್ಟೇ ಸಾಕಾಯಿತು.

"ನಾಳೆಯಿಂದ ನಾನು ಹೋಗಲ್ಲ!"

ಅಜ್ಜಿ ರಮಿಸಿದಳು, ಗದರಿದಳು. ಜಪ್ಪಯ್ಯ ಅಂದರೂ ಹುಡುಗಿ ಜಗ್ಗಲಿಲ್ಲ.

ಆ ಸಂಜೆಯೇ ಟೀಚರ್ ಹೊಸ ಕೋಟು ತೊಟ್ಟು ನೋಡಲು ಅಜ್ಜಿಯ ಹೊಲಿಗೆ ಅಂಗಡಿಗೆ ಬಂದರು. ಹುಡುಗಿ ಸರಕ್ಕನೆ ಮೇಜಿನಡಿ ನುಸುಳಿದಳು. ಅಜ್ಜಿ ಕೋಟಿನ ಅಂಚು ಮಡಿಸುತ್ತಾ, ಅಭ್ಯಾಸಬಲದಿಂದ, "ಸ್ಸ್" ಎಂದಳು.

"ಅಯ್ಯೋ, ಪಿನ್ನು ಚುಚ್ಚಿತಾ ಅಜ್ಜಿ?" ಟೀಚರ್ ಗಾಬರಿಯಾದರು.

ಮೇಜಿನಡಿಯಿಂದ ಸೂಜಿ ಹಿಡಿದ ಪುಟ್ಟ ಕೈ ಹೊರಬಂತು. "ಸ್ಸ್... ಸೂಜಿ, ಟೀಚರ್! ಅಷ್ಟೂ ಗೊತ್ತಾಗಲ್ವಾ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಟೀಚರ್ ಅರೆಬರೆ ಪಿನ್ನು ಹಾಕಿದ ಕೋಟಿನಲ್ಲೇ ನೆಲಕ್ಕೆ ಕೂತು ಮೇಜಿನಡಿ ಇಣುಕಿದರು.

"ರ್ರ್..."

ಹುಡುಗಿ ಟೀಚರ ತುಟಿಯನ್ನೇ ನೋಡಿದಳು.

"ರಿಬ್ಬನ್ನು."

"ಜ್ಜ್..."

"ಜೇಬು!"

"ಭಲೇ! ನಾಳೆ ಕ್ಲಾಸಿಗೂ ಈ ಆಟ ಹೇಳ್ಕೊಡ್ತೀಯಾ?"

"ಎಲ್ರಿಗೂ ಪಿನ್ನು ಬೇಕಲ್ಲ?"

ಅಜ್ಜಿ ಪಿನ್ನುಗಳನ್ನು ಅಂಗೈಗೆ ಉಗಿದಳು. "ಪಿನ್ನು ಗಿನ್ನು ಮುಟ್ಟಿದ್ರೆ ಕಿವಿ ಹಿಂಡ್ತೀನಿ, ನೋಡು!" ಎಂದು ಕಚ್ಚಿಕೊಳ್ಳಲು ಒಂದು ಹಿಡಿ ಬಟ್ಟೆಚೂರು ತೆಗೆದುಕೊಟ್ಟಳು.

ಮರುದಿನ ಅಜ್ಜಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ತೋಳನ್ನು ಒಳಹೊರಗಾಗಿ ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದಳು. ಮಧ್ಯಾಹ್ನ ಬಾಗಿಲು ದಡಾರನೆ ತೆರೆಯಿತು.

"ಅಜ್ಜೀ! ಎಲ್ರೂ ಬಟ್ಟೆ ಕಚ್ಕೊಂಡು ಗುಂಯ್ ಅಂದ್ರು! ಮುಂದೆ ನಿಂತು ಹೇಳ್ಕೊಟ್ಟಿದ್ದು ನಾನೇ!"

ಹೇಳಿದವಳೇ ಬಟ್ಟೆಚೂರು ತುಟಿಗೆ ಸಿಕ್ಕಿಸಿಕೊಂಡು "ಮ್ಮ್" ಎಂದಳು. ಅಜ್ಜಿ ಮಣಿ ಡಬ್ಬಿ ಚಾಚಿದಳು. ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

"ಮ್ಮ್ಮ್ಮ್!"

ಅಜ್ಜಿ ತುಟಿಯ ಪಿನ್ನುಗಳನ್ನೆಲ್ಲ ತೆಗೆದು ಮೆತ್ತೆಗೆ ಚುಚ್ಚಿದಳು. ಆಮೇಲೆ ಬಗ್ಗಿ, ಕೇಳಿದ್ದನ್ನು ಕೆನ್ನೆಗೆ ಕೊಟ್ಟಳು.