ಎದ್ದು ಹೊರಗೆ ಹೋಗುವ ನಿಯಮ

ಮನಶ್ಶಾಸ್ತ್ರಜ್ಞರ ಆ ಸಂಘದಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಆದರೆ ಎಲ್ಲವೂ ಮೆತ್ತನೆಯ ದನಿಯಲ್ಲಿ ನಡೆಯುತ್ತಿತ್ತು. ಊರವರ ಮನಸ್ಸಿನ ಗಂಟು ಬಿಡಿಸುವವರು ತಾವೇ ಕೂಗಾಡಿದರೆ ಚೆನ್ನಾಗಿರುವುದಿಲ್ಲವಲ್ಲ. ಹಾಗಾಗಿ "ನಿಮ್ಮ ನೋವು ನನಗೆ ಅರ್ಥವಾಗುತ್ತೆ" ಎಂದು ನಗುನಗುತ್ತಲೇ ಒಬ್ಬರ ಕತ್ತು ಒಬ್ಬರು ಕೊಯ್ಯುತ್ತಿದ್ದರು. ಪ್ರಶಸ್ತಿಯ ಕಾಲ ಬಂತೆಂದರೆ ಆ ದನಿ ಇನ್ನೂ ಮೆತ್ತಗಾಗುತ್ತಿತ್ತು.

ಸದಸ್ಯರಿಗೆ ಸಂಘದಿಂದ ಸಿಗುವುದರಲ್ಲೆಲ್ಲ ದೊಡ್ಡದು ಯುವ ಸದಸ್ಯ ಪ್ರಶಸ್ತಿ. ಒಂದು ಫಲಕ, ಅದರ ಜೊತೆಗೆ ಮಕ್ಕಳ ದೊಡ್ಡಾಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಒಂದು ವರ್ಷ ಕಲಿಯುವ ಅವಕಾಶ. ಸಿಕ್ಕಿದವರು ಹಿಂದಿರುಗಿ ನೋಡಿದ್ದಿಲ್ಲ, ಸಿಗದವರು ಮರೆತದ್ದಿಲ್ಲ. ಹಿಂದೊಮ್ಮೆ ಒಬ್ಬ ಮಾವ ತನ್ನ ಅಳಿಯನಿಗೆ ಅದನ್ನು ಕೊಡಿಸಿ ದಕ್ಕಿಸಿಕೊಂಡಿದ್ದ. ಅಲ್ಲಿಂದೀಚೆಗೆ ನಿಯಮ ಬಂತು. ಅಭ್ಯರ್ಥಿ ಒಳಗೆ ಬಂದ ಕೂಡಲೇ, ಇಲ್ಲಿ ಕೂತವರಲ್ಲಿ ನಿಮ್ಮ ಸಂಬಂಧಿಕರಿದ್ದಾರಾ ಎಂದು ಅಧ್ಯಕ್ಷೆ ಕೇಳಬೇಕು. ಇದ್ದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಇದ್ದೂ ಇಲ್ಲ ಎಂದದ್ದು ಗೊತ್ತಾದರೆ ಅಭ್ಯರ್ಥಿಗೆ ಬಾಗಿಲು ಮುಚ್ಚಿದ ಹಾಗೆ, ಆ ವರ್ಷಕ್ಕಲ್ಲ, ಯಾವತ್ತಿಗೂ.

ಸಮಿತಿಯಲ್ಲಿ ಮೂರು ಜನ. ಅಧ್ಯಕ್ಷೆಯ ಮುಂದೆ ಮೇಜಿನ ಮೇಲೆ ಸದಾ ಒಂದು ಹಿತ್ತಾಳೆ ಘಂಟೆ. ಯಾರ ಮಾತು ಉದ್ದವಾದರೂ ಅದರ ತಲೆಗೊಂದು ಕುಟ್ಟಿ ನಿಲ್ಲಿಸುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಘಂಟೆಯಮ್ಮ ಅನ್ನುತ್ತಿದ್ದರು. ಎರಡನೆಯವರು ನಿವೃತ್ತ ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ ಕೇಳುವವರು. ಕೇಳುತ್ತಿದ್ದಾರೋ ನಿದ್ದೆಯೋ ಹೇಳಲು ಬರುತ್ತಿರಲಿಲ್ಲ. ಮೂರನೆಯವರಿಗೆ ಅಂದು ಬೆಳಿಗ್ಗೆ ಜ್ವರ ಬಂದು, ಅವರ ಜಾಗಕ್ಕೆ ಈ ಕತೆಯ ಅಕ್ಕನನ್ನು ಕರೆದು ಕೂರಿಸಿದ್ದರು.

ಅಕ್ಕ ಕೌಟುಂಬಿಕ ನ್ಯಾಯಾಲಯದ ಸಲಹೆಗಾರ್ತಿ. ಮುಖ ತಿರುಗಿಸಿಕೊಂಡ ಗಂಡ ಹೆಂಡಿರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಬಾಯಿ ಬಿಡಿಸುವುದು ಅವಳ ಕೆಲಸ. ಅದರಲ್ಲಿ ಎತ್ತಿದ ಕೈ. ಸಂಘದ ಹಿರಿಯ ಸದಸ್ಯತ್ವಕ್ಕೆ ಬಹಳ ದಿನದಿಂದ ಕಾಯುತ್ತಿದ್ದಳು. ಘಂಟೆಯಮ್ಮ ಅದನ್ನು ಮರೆತಿರಲಿಲ್ಲ.

"ನಿಮ್ಮ ವಿಷಯ ಈ ಸಲ ಮುಂದಿಡೋಣ ಅಂತಿದ್ದೀನಿ," ಎಂದಳು, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತ. "ಈಗ ಬರೋ ಹುಡುಗ ನನ್ನ ಶಿಷ್ಯ. ಹೊಟ್ಟೇಲಿ ಹುಟ್ಟಿದ ಮಗ ಇದ್ದ ಹಾಗೆ. ನೋಡಿ, ನಿಮಗೇ ಮೆಚ್ಚಿಗೆ ಆಗುತ್ತೆ."

"ಮಗ ಇದ್ದ ಹಾಗೆ ಅಂದ್ರೆ ನೀವು ಎದ್ದು ಹೊರಗೆ ಹೋಗಬೇಕಾಗುತ್ತಲ್ಲ," ಎಂದರು ಮೇಷ್ಟ್ರು ಕಣ್ಣು ಬಿಡದೆ.

"ಶಿಷ್ಯ ಸಂಬಂಧಿಕ ಅಲ್ಲ ಮೇಷ್ಟ್ರೇ. ನಿಯಮ ಬರೆದೋಳು ನಾನೇ."

ಆ ಶಿಷ್ಯ ಟೈ ಕಟ್ಟಿಕೊಂಡು ಬಂದ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದ, ಎಲ್ಲರಿಗೂ ವಂದಿಸಿ ಹೋದ. ಘಂಟೆ ಒಂದು ಸಲವೂ ಹೊಡೆಯಲಿಲ್ಲ. ಆಮೇಲೆ ಬಾಗಿಲು ತಳ್ಳಿಕೊಂಡು ತಂಗಿ ಬಂದಳು.

ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಡಹುಟ್ಟಿದವಳು. ಚಿಕ್ಕಮ್ಮನ ಸಾವಿನ ಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವಳನ್ನು ನೋಡಿದ್ದೇ ಕೊನೆ. ಅಲ್ಲೂ ಮಾತಿಲ್ಲ ಕತೆಯಿಲ್ಲ. ಮಾತು ನಿಂತದ್ದು ಅದಕ್ಕೂ ಮುಂಚೆ. ಕಾಲೇಜಿಗೆ ಸೇರಿಸಲು ತಂಗಿಯನ್ನು ಕರೆದುಕೊಂಡು ಹೋದ ಅಕ್ಕ, ಅಲ್ಲಿ ಕೂತಿದ್ದ ಪ್ರಾಧ್ಯಾಪಕಿಗೆ, "ಇವಳಿಗೆ ಮನಶ್ಶಾಸ್ತ್ರ ಬೇಡ ಮೇಡಂ, ಇವಳಿಗೆ ಜನರ ಹತ್ರ ಬಾಯಿ ಬಿಡೋಕೇ ಬರಲ್ಲ, ಲೈಬ್ರರಿ ಕೋರ್ಸಿಗೆ ಹಾಕಿ," ಎಂದಿದ್ದಳು. ತಂಗಿ ಪಕ್ಕದಲ್ಲೇ ನಿಂತಿದ್ದಳು. ಆ ವಾರವೇ ಬಟ್ಟೆಬರೆ ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೋದವಳು ಮತ್ತೆ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಮನಶ್ಶಾಸ್ತ್ರವನ್ನೇ ಓದಿ ಇದೇ ಸಂಘಕ್ಕೆ ಸೇರಿದ ಸುದ್ದಿ ಅಕ್ಕನ ಕಿವಿಗೆ ಬಿದ್ದಿರಲಿಲ್ಲ.

"ಕೂತ್ಕೊಳ್ಳಿ," ಎಂದಳು ಘಂಟೆಯಮ್ಮ. "ಇಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರಾ?"

ತಂಗಿ ಒಬ್ಬೊಬ್ಬರನ್ನೇ ನೋಡಿದಳು. ಘಂಟೆಯಮ್ಮ, ಮೇಷ್ಟ್ರು. ಅಕ್ಕನ ಮುಖದ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅಕ್ಕ ಆಗಲೇ ಕುರ್ಚಿ ಹಿಂದಕ್ಕೆ ಸರಿಸಿ ಏಳಲು ಕೈ ಊರಿದ್ದಳು.

"ಇಲ್ಲ," ಎಂದಳು ತಂಗಿ.

ಕೆನ್ನೆಗೆ ಹೊಡೆದ ಹಾಗಾಯಿತು ಅಕ್ಕನಿಗೆ. ಊರಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಸೆರಗು ಸರಿಪಡಿಸಿಕೊಂಡಳು. ಇವಳು ನನ್ನ ತಂಗಿ ಎಂದರೆ ಸಾಕು, ಇಲ್ಲಿಗೇ ಮುಗಿಯಿತು, ಇವಳ ಕನಸೆಲ್ಲ ಮಣ್ಣುಪಾಲು. ಅನ್ನದಿದ್ದರೆ, ತಾನು ಇವಳಿಗೆ ಯಾರೂ ಅಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ತಂಗಿ ಶುರು ಮಾಡಿಬಿಟ್ಟಳು.

ಚಿತ್ರವಿಲ್ಲ, ಪರದೆಯಿಲ್ಲ. ಮನೆಯಲ್ಲಿ ಮಾತಾಡಿ ಹೊರಗೆ ಮೂಕರಾಗುವ ಮಕ್ಕಳ ಬಗ್ಗೆ ಅವಳು ಕೆಲಸ ಮಾಡಿದ್ದಳು. ಅಂಥ ಮಕ್ಕಳ ಮನೆಯಲ್ಲಿ ಹೆಚ್ಚಾಗಿ ಇನ್ನೊಬ್ಬರು ಇರುತ್ತಾರೆ, ಮಗುವಿನ ಪರವಾಗಿ ಮಾತಾಡುವವರು. ಅವರು ಪ್ರೀತಿಯಿಂದಲೇ ಮಾತಾಡುತ್ತಾರೆ. ಆ ಪ್ರೀತಿ ನಿಲ್ಲದೆ ಮಗು ಬಾಯಿ ತೆರೆಯುವುದಿಲ್ಲ. ಇದು ಅವಳ ವಾದ.

"ನನಗೆ ಗೊತ್ತಿದ್ದ ಒಂದು ಮಗು," ಎಂದಳು. "ಶೂ ಅಂಗಡಿಯಲ್ಲಿ ಅಂಗಡಿಯವನು, ಸರಿ ಆಯ್ತಾ ಪುಟ್ಟಿ ಅಂತ ಕೇಳ್ತಾನೆ. ಪಕ್ಕದಲ್ಲಿದ್ದ ಅಕ್ಕ, ಹ್ಞೂ ಸರಿಯಾಗಿದೆ, ಅವಳಿಗೆ ಇದೇ ಇಷ್ಟ ಅಂತಾಳೆ. ಆ ಶೂ ಕಚ್ಚುತ್ತಿತ್ತು. ಕಾಲು ಬೆಳೆದು ಇನ್ನೊಂದು ಜೊತೆ ಕೊಡಿಸೋ ತನಕ ಮಗು ಅದನ್ನೇ ಹಾಕ್ಕೊಂಡು ಓಡಾಡಿತು. ಹಿಮ್ಮಡಿಯ ಗಾಯ ಕಾಣಬಾರದು ಅಂತ ಕಾಲುಚೀಲ ಹಾಕ್ಕೊಂಡೇ ಮಲಗ್ತಿತ್ತು."

ಕಂದು ಬಣ್ಣದ ಶೂ, ಬಕ್ಕಲ್ಲಿನದು. ಅಕ್ಕನಿಗೆ ಅಂಗಡಿಯ ವಾಸನೆ ಸಮೇತ ನೆನಪಿತ್ತು. ತಂಗಿಗೆ ಒಳ್ಳೆಯದು ಆರಿಸಿಕೊಟ್ಟೆನೆಂದು ದಾರಿಯುದ್ದಕ್ಕೂ ಬೀಗಿಕೊಂಡು ಬಂದಿದ್ದಳು. ಕಾಲುಚೀಲದ್ದು ಗೊತ್ತೇ ಇರಲಿಲ್ಲ. ಅದರ ಹಿಂದೆಯೇ ಸಿಟ್ಟು ಉಕ್ಕಿ ಬಂತು. ಹೊರಗಿನವರ ಮುಂದೆ, ಮೈಕಿನಲ್ಲಿ ಕೂಗಿ ಹೇಳಿದ ಹಾಗೆ!

"ಆ ಅಕ್ಕನನ್ನ ಮಾತಾಡಿಸಿದಿರಾ ನೀವು?" ಎಂದು ಕೇಳಿಯೇ ಬಿಟ್ಟಳು. "ಅವಳ ಕಡೆಯ ಮಾತು ಏನು ಅಂತ ಕೇಳಬೇಕು ಅನ್ನಿಸಲಿಲ್ವಾ?"

"ಎಲ್ಲರೂ ಅವಳನ್ನೇ ಕೇಳ್ತಾ ಬಂದಿದ್ರು ಮೇಡಂ," ಎಂದಳು ತಂಗಿ. "ತೊಂದರೆ ಆಗಿದ್ದೇ ಅದರಿಂದ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಕ್ಕರು. ಆ ನಗು ಅಕ್ಕನ ಮೈಗೆ ಖಾರ ಹಚ್ಚಿದ ಹಾಗಾಯಿತು.

"ದೊಡ್ಡ ಮಾತು. ಮನೇಲಿ ತಾಯಿ ಹಾಸಿಗೆ ಹಿಡಿದಿರ್ತಾಳೆ ಅಂತಿಟ್ಕೊಳ್ಳಿ. ಅಪ್ಪ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರೋನು. ಡಾಕ್ಟರಿಗೆ ಹೇಳಬೇಕು, ಟೀಚರಿಗೆ ಹೇಳಬೇಕು, ಹಾಲಿನವನಿಗೆ ಹೇಳಬೇಕು. ಆ ದೊಡ್ಡ ಮಗೂನೂ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಈ ಚಿಕ್ಕ ಮಗುವಿನ ಬಾಯಿಗೆ ಅನ್ನ ಯಾರು ಹಾಕ್ತಿದ್ರು? ಅವಳಿಗೇನು ವಯಸ್ಸಾಗಿತ್ತು? ಅವಳಿಗೆ ಯಾವ ಶೂ ಕಚ್ಚುತ್ತಿತ್ತು ಅಂತ ಯಾರಾದ್ರೂ ಕೇಳಿದ್ರಾ?"

ತಂಗಿ ತುಟಿ ಬಿಗಿದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿ ಅದುಮಿಕೊಂಡಳು. ಆ ಮುಷ್ಟಿ ಅಕ್ಕನಿಗೆ ಚೆನ್ನಾಗಿ ಗೊತ್ತು. ಈಗ ಇವಳ ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ಈಗ ತಾನು ಮಾತಾಡಬೇಕು. 'ಅವಳು ಹೇಳ್ತಿರೋದು ಏನೂಂದ್ರೆ' ಎಂದು ಶುರುಮಾಡಬೇಕು. ಹಳೆಯ ಚಾಳಿ ಗಂಟಲವರೆಗೆ ಬಂತು. ಅಕ್ಕ ನಾಲಿಗೆ ಕಚ್ಚಿ ಕೂತಳು. ಸಾಯಲಿ, ಮೂಕಿಯಾಗಿಯೇ ಇರಲಿ, ನೋಡಲಿ ಎಲ್ಲರೂ.

ಘಂಟೆಯಮ್ಮನ ಕೈ ಘಂಟೆಯ ಮೇಲೆ ಹೋಯಿತು. "ಉತ್ತರ ಇಲ್ಲ ಅಂತ ಬರ್ಕೊಳ್ಳೋಣವಾ?"

"ಇದೆ," ಎಂದಳು ತಂಗಿ. ದನಿ ಒಡೆದಿತ್ತು, ಆದರೆ ಬಂತು. "ಆ ದೊಡ್ಡ ಮಗುವಿಗೂ ಅನ್ಯಾಯ ಆಗಿದೆ. ಅದನ್ನ ಯಾರೂ ಕೇಳಲಿಲ್ಲ, ನಿಜ. ನಾನೂ ಕೇಳಲಿಲ್ಲ. ಆದರೆ ತಾಯಿ ತೀರಿಕೊಂಡ ಮೇಲೆ, ಚಿಕ್ಕದು ಬೆಳೆದು ನಿಂತ ಮೇಲೂ ಅವಳು ಬಿಡಲಿಲ್ಲ. ಆಗ ಅದು ಅನ್ನಕ್ಕಲ್ಲ ಮೇಡಂ. ಆಗ ಅದು ಅವಳಿಗೆ ಬೇಕಾಗಿತ್ತು."

ಘಂಟೆ ಹೊಡೆಯಿತು. ತಂಗಿ ಎದ್ದು ಹೋದಳು.

ಬಾಗಿಲು ಮುಚ್ಚಿದ ಮೇಲೆ ಓಟು. ಮೇಷ್ಟ್ರು ಕೊನೆಗೂ ಕಣ್ಣು ಬಿಟ್ಟು, "ಆ ಹುಡುಗಿಗೆ," ಎಂದರು. ಘಂಟೆಯಮ್ಮ ತನ್ನ ಶಿಷ್ಯನಿಗೆ. ಇಬ್ಬರೂ ಅಕ್ಕನ ಕಡೆ ತಿರುಗಿದರು. ಸರಿಸಮ ಆದರೆ ಅಧ್ಯಕ್ಷೆಯ ಮಾತೇ ಕೊನೆ. ಅಂದರೆ ಅಕ್ಕ ಸುಮ್ಮನಿದ್ದರೂ ತಂಗಿ ಸೋತಳು.

"ನಿಮಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತು ಅಂತ ನೋಡಿದೆ," ಎಂದಳು ಘಂಟೆಯಮ್ಮ. ದನಿ ಬೆಣ್ಣೆಯಾಗಿತ್ತು. "ನನಗೂ ಈ ಕೆಲಸದಲ್ಲಿ ತಲೆ ಹಣ್ಣಾಗಿದೆ. ಗುರುತು ಪರಿಚಯ ಇಲ್ಲದವರ ಮೇಲೆ ಯಾರಿಗೂ ಅಷ್ಟು ಸಿಟ್ಟು ಬರಲ್ಲ. ಅವಳು ನಿಮಗೆ ಏನಾಗಬೇಕು?"

ಮೇಷ್ಟ್ರು ಅಕ್ಕನನ್ನು ನೋಡಿದರು. ಅವರೂ ಏನೋ ಊಹಿಸಿದ ಹಾಗಿತ್ತು.

"ಹೇಳಿಬಿಡಿ," ಎಂದಳು ಘಂಟೆಯಮ್ಮ. "ತಪ್ಪು ಅವಳದ್ದು, ನಿಮ್ಮದಲ್ಲ. ನಿಮ್ಮ ಹಿರಿಯ ಸದಸ್ಯತ್ವಕ್ಕೆ ಏನೂ ತೊಂದರೆ ಆಗದ ಹಾಗೆ ನಾನು ನೋಡ್ಕೊಳ್ತೀನಿ."

ಒಂದು ಮಾತು, ಅಷ್ಟೇ. ಇಲ್ಲ ಎಂದು ತನ್ನನ್ನು ಅಳಿಸಿಹಾಕಿದವಳಿಗೆ ತಕ್ಕ ಶಾಸ್ತಿ. ನಾಳೆ ಸಂಘದವರೆಲ್ಲರ ಬಾಯಲ್ಲಿ ಅವಳು ಸುಳ್ಳಿ. ಅಕ್ಕನಿಗೆ ಆ ಆಸೆ ಚೆನ್ನಾಗಿಯೇ ಇತ್ತು, ಮುಚ್ಚುಮರೆ ಏಕೆ. ಆದರೆ ತಂಗಿಯ ಆ ಒಡೆದ ದನಿ ಕಿವಿಯಲ್ಲೇ ಇತ್ತು. ಮುಷ್ಟಿಯೊಳಗೆ ಹೆಬ್ಬೆರಳು ಇಟ್ಟುಕೊಂಡೇ ಮಾತಾಡಿದ್ದಳು. ಅಕ್ಕ ಬಾಯಿ ಹಾಕದೆ ಇವಳು ಮಾತಾಡಿದ್ದನ್ನು ಅಕ್ಕ ಕೇಳಿದ್ದು ಅದೇ ಮೊದಲು. ಹೇಳಿದ್ದರಲ್ಲಿ ಕೊನೆಯ ಮಾತು ಸುಳ್ಳೆನ್ನಲು ಬರುವಂತಿರಲಿಲ್ಲ.

"ನನಗೆ ಏನೂ ಆಗಬೇಕಿಲ್ಲ," ಎಂದಳು ಅಕ್ಕ. "ಆ ಹುಡುಗಿಗೇ ನನ್ನ ಓಟು."

ಘಂಟೆಯಮ್ಮ ನಕ್ಕಳು. "ಆಗಲಿ. ನಿಮ್ಮ ಸದಸ್ಯತ್ವದ ವಿಚಾರ ಮುಂದೆ ಯಾವತ್ತಾದರೂ ನೋಡೋಣ."

ಹೊರಗೆ ಉದ್ದನೆಯ ಕಾರಿಡಾರು. ತಂಗಿ ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಅಕ್ಕ ನೇರ ಹೋಗಿ ಎದುರು ನಿಂತಳು.

"ಸಿಕ್ಕಿದೆ ನಿನಗೆ. ಈಗ ಹೇಳು. ಯಾಕೆ ಇಲ್ಲ ಅಂದೆ? ನಾನು ಸತ್ತಿದ್ದೀನಾ?"

"ಹೌದು ಅಂದಿದ್ರೆ ನೀನು ಎದ್ದು ಹೊರಗೆ ಹೋಗ್ತಿದ್ದೆ," ಎಂದಳು ತಂಗಿ. "ನೀನು ಅಲ್ಲಿ ಕೂತು ಕೇಳಬೇಕಿತ್ತು."

"ಅಷ್ಟಕ್ಕೆ ಎಲ್ಲಾನೂ ಪಣಕ್ಕಿಟ್ಟೆಯಾ? ನಾನು ಹೇಳಿಬಿಟ್ಟಿದ್ರೆ?"

"ಹೇಳ್ತೀಯ ಅಂತಾನೇ ಅಂದ್ಕೊಂಡಿದ್ದೆ. ನೀನು ಯಾವತ್ತು ಸುಮ್ಮನಿದ್ದೆ?"

"ನಿನಗೋಸ್ಕರ ನಾನು ಇವತ್ತು ಏನೇನು ಕಳ್ಕೊಂಡೆ ಗೊತ್ತಾ ನಿನಗೆ, ಕತ್ತೆ?"

"ನನಗೋಸ್ಕರ ಅನ್ನಬೇಡ!" ತಂಗಿಯ ದನಿ ಕಾರಿಡಾರಿನಲ್ಲಿ ಮೊಳಗಿತು. "ಆ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಯಾಕೆ ಹಾಕಿದೆ ಓಟು? ನಿಜ ಹೇಳು."

ನಿನಗೋಸ್ಕರ ಎಂಬ ಮಾತು ಮತ್ತೆ ನಾಲಿಗೆಗೆ ಬಂತು, ಅಕ್ಕ ಅದನ್ನು ನುಂಗಿದಳು.

"ಆ ಟೈ ಕಟ್ಟಿದವನಿಗಿಂತ ನೀನು ಚೆನ್ನಾಗಿ ಹೇಳಿದೆ," ಎಂದಳು ಕೊನೆಗೆ. "ನನ್ನ ಮರ್ಯಾದೆ ಕಳೆದು ಹೇಳಿದೆ. ಆದ್ರೂ ಚೆನ್ನಾಗಿ ಹೇಳಿದೆ. ಸಿಟ್ಟು ಹೋಗಿಲ್ಲ ನನಗೆ, ಗೊತ್ತಿರಲಿ."

"ನನಗೂ ಹೋಗಿಲ್ಲ."

ಬಾಗಿಲು ಕಿರ್ರೆಂದಿತು. ಘಂಟೆಯಮ್ಮ ಮೇಷ್ಟ್ರ ಜೊತೆ ಹೊರಗೆ ಬಂದು, ಇಬ್ಬರನ್ನೂ ನೋಡಿ ನಿಂತಳು.

"ಓಹೋ, ಮಾತುಕತೆ ನಡೀತಿದೆ. ಪರಿಚಯ ಆಯ್ತಾ?"

"ಈಗ ತಾನೆ," ಎಂದಳು ತಂಗಿ, ಅಕ್ಕ ಬಾಯಿ ತೆರೆಯುವ ಮೊದಲೇ. ಕೈ ಮುಂದೆ ಚಾಚಿದಳು. "ಧನ್ಯವಾದ ಮೇಡಂ."

ಅಕ್ಕ ಆ ಕೈ ಹಿಡಿದಳು. ಬೆವರಿತ್ತು, ತಣ್ಣಗಿತ್ತು. ತಂಗಿ ಎಷ್ಟು ಗಟ್ಟಿಯಾಗಿ ಅದುಮಿದಳೆಂದರೆ ಉಂಗುರ ಬೆರಳಿಗೆ ಒತ್ತಿ ನೋವಾಯಿತು. ಅಕ್ಕನೂ ಬಿಡಲಿಲ್ಲ, ಅಷ್ಟೇ ಗಟ್ಟಿಯಾಗಿ ಅದುಮಿದಳು. ಘಂಟೆಯಮ್ಮ ನೋಡುತ್ತಲೇ ಇದ್ದಳು.